ಭಾನುವಾರ ನೆಟ್ಸ್‌ಗೂ ಮೊದಲು ಅರ್ಧ ಗಂಟೆ ಬೇಕು

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 7ಕ್ಕೆ, ಪ್ಯಾಡ್ ಕಟ್ಟುವ ಮೊದಲು, ಲೀಗ್ ಆಡುವವರು ಮತ್ತು ಸ್ಕೋರರ್‌ಗಳು ಪೆವಿಲಿಯನ್ ಮೆಟ್ಟಿಲ ಹತ್ತಿರ ಸೇರಬೇಕು. ವಿಷಯ ಬೆಟ್ಟಿಂಗ್. ಹೋದ ವಾರ ನಮ್ಮ ಹುಡುಗನೊಬ್ಬನಿಗೆ "ಬ್ಯಾಟ್ ಸ್ಪಾನ್ಸರ್ ಮಾಡ್ತೀವಿ" ಅಂತ ಇನ್‌ಸ್ಟಾಗ್ರಾಮ್‌ನಲ್ಲಿ ಮೆಸೇಜ್ ಬಂತು, ಮಾರನೇ ದಿನವೇ "ಓಪನಿಂಗ್ ಯಾರು, ಪಿಚ್ ಹೇಗಿದೆ" ಅಂತ ಶುರು. ಬ್ಯಾಟ್ ಕೊಡುವವನಿಗೆ ಪಿಚ್ ಯಾಕೆ, ಅಲ್ವಾ?

2019ರಲ್ಲಿ ಕೆಪಿಎಲ್ (ಕರ್ನಾಟಕ ಪ್ರೀಮಿಯರ್ ಲೀಗ್) ಫಿಕ್ಸಿಂಗ್ ಆರೋಪದಲ್ಲಿ ಬೆಂಗಳೂರು ಪೊಲೀಸರ ಅಪರಾಧ ವಿಭಾಗ ಸಿಸಿಬಿ ಆಟಗಾರರನ್ನೇ ಬಂಧಿಸಿತ್ತು. 2022ರಲ್ಲಿ ಹೈಕೋರ್ಟ್, ಇದು ಸೆಕ್ಷನ್ 420ರ ವಂಚನೆ ಆಗಲ್ಲ ಅಂತ ಕೇಸು ರದ್ದು ಮಾಡಿತು, ಆದರೆ ಬಿಸಿಸಿಐ ಶಿಸ್ತು ಕ್ರಮ ತೆಗೆದುಕೊಳ್ಳಬಹುದು ಅಂತಲೂ ಹೇಳಿತು. ಹಾಗಾಗಿ ಕೋರ್ಟ್ ಬಿಟ್ಟರೂ ಆಟ ಹೋಗಬಹುದು. ಬಾಂಗ್ಲಾದೇಶದ ಆಟಗಾರ ಶಕೀಬ್ ಅಲ್ ಹಸನ್‌ಗೆ 2019ರಲ್ಲಿ ಐಸಿಸಿ 2 ವರ್ಷ ನಿಷೇಧ ಹಾಕಿದ್ದು (ಅದರಲ್ಲಿ 1 ವರ್ಷದ್ದನ್ನು ಷರತ್ತಿನ ಮೇಲೆ ತಡೆಹಿಡಿದಿತ್ತು) ಬುಕ್ಕಿ, ಅಂದರೆ ಬೆಟ್ಟಿಂಗ್ ನಡೆಸುವವನು, ಸಂಪರ್ಕಿಸಿದ್ದನ್ನು ತಿಳಿಸದೇ ಇದ್ದದ್ದಕ್ಕೆ, ಅಷ್ಟೇ.

ಅಂಥ ಮೆಸೇಜ್ ಬಂದರೆ ಉತ್ತರ ಕೊಡಬೇಡಿ, ಡಿಲೀಟ್ ಮಾಡಬೇಡಿ, ಸ್ಕ್ರೀನ್‌ಶಾಟ್ ತೆಗೆದಿಟ್ಟು ಅವತ್ತೇ ಕೋಚ್‌ಗೋ ನನಗೋ ಫೋನ್ ಮಾಡಿ. ತಂಡದ ಪಟ್ಟಿ ಈ ಗುಂಪಿನಿಂದ ಆಚೆ ಹೋಗಬಾರದು, ಭಾವಮೈದುನನಿಗೂ ಬೇಡ. ಶನಿವಾರ ರಾತ್ರಿಯೊಳಗೆ "ಬರ್ತೀನಿ" ಅಂತ ಹಾಕಿ, ಸುಮ್ನೆ ಹೆಬ್ಬೆರಳು ಒತ್ತಬೇಡಿ, ಉಪ್ಪಿಟ್ಟು ಎಷ್ಟು ಜನಕ್ಕೆ ಹೇಳಲಿ ಅಂತ ಗೊತ್ತಾಗಲ್ಲ.