ಸಿಮೆನಾ ಕೋಟೆಯ ಆ ಅಕ್ಕನಿಗೆ

ತುರ್ಕಿಯ ಕೆಕೊವಾ ದ್ವೀಪದ ಹತ್ತಿರ ನಮ್ಮ ಗುಲೆಟ್ ಲಂಗರು ಹಾಕಿತ್ತು. ಗುಲೆಟ್ ಅಂದರೆ ಆ ಕರಾವಳಿಯ ಮರದ ಹಾಯಿಹಡಗು. ಬೆಳಿಗ್ಗೆ ಮುಳುಗಿದ ಊರು ನೋಡಿದ್ದೆವು. ಕ್ರಿ.ಶ. 2ನೇ ಶತಮಾನದ ಭೂಕಂಪಕ್ಕೆ ಕುಸಿದ ಮನೆಗಳ ಮೆಟ್ಟಿಲುಗಳು ನೇರ ಸಮುದ್ರಕ್ಕೇ ಇಳಿಯುತ್ತವೆ.

ಮಧ್ಯಾಹ್ನ ಕಲೆಕೊಯ್ ಹಳ್ಳಿ. ಪ್ರಾಚೀನ ಸಿಮೆನಾ ಊರು ಇದೇ. ಕೋಟೆಗೆ ಬರೀ ಕಡಿದಾದ ಮೆಟ್ಟಿಲು. ಮಂಡಿನೋವಿನ ಅಮ್ಮ ಅರ್ಧಕ್ಕೇ ಕುಳಿತುಬಿಟ್ಟರು. ಸ್ಕಾರ್ಫ್ ಮಾರುತ್ತಿದ್ದ ನೀವು ವ್ಯಾಪಾರ ಬಿಟ್ಟು ಬಂದಿರಿ. ನೀರು ಕೊಟ್ಟಿರಿ. ‘ಗೆಲ್, ಗೆಲ್’ ಎನ್ನುತ್ತಾ ಕೈಹಿಡಿದು ಹತ್ತಿಸಿದಿರಿ. ‘ಬಾ’ ಅಂತ ಅರ್ಥ, ಅಲ್ವಾ? ಬಂಡೆ ಕೊರೆದು ಮಾಡಿದ ಪುಟ್ಟ ರಂಗಮಂದಿರದಲ್ಲಿ ಅಮ್ಮ ಕೂತರು. ಕೆಳಗೆ ನೀರಲ್ಲೇ ನಿಂತಿದ್ದ ಲಿಸಿಯನ್ನರ (ಆ ಕರಾವಳಿಯ ಪ್ರಾಚೀನ ಜನ) ಕಲ್ಲಿನ ಸಮಾಧಿಯನ್ನು ತುಂಬ ಹೊತ್ತು ನೋಡಿದರು.

ನೀವು ಹಣ ಮುಟ್ಟಲಿಲ್ಲ. ನಾನು ಹೆಸರೂ ಕೇಳಲಿಲ್ಲ. ಅಕ್ಕಾ, ಅಮ್ಮ ಇವತ್ತಿಗೂ ನಿಮ್ಮನ್ನು ನೆನೆಯುತ್ತಾರೆ. ತುಂಬಾ ಥ್ಯಾಂಕ್ಸ್.