ಸಸಿಗೆ ಏನೂ ಆಗಿಲ್ಲ ಪುಟ್ಟಿ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಫೋಟೋ ನೋಡಿದೆ. ಕಿಟಕಿ ಹತ್ತಿರ ಇಟ್ಟ ಬೀನ್ಸ್ ಸಸಿ ಪೂರ್ತಿ ಗಾಜಿನ ಕಡೆಗೆ ವಾಲಿಬಿಟ್ಟಿದೆ. "ಅಮ್ಮಾ, ಇದಕ್ಕೆ ಏನೋ ಆಗಿದೆ, ಸೊಟ್ಟಗಾಗ್ತಿದೆ" ಅಂತ ಬರೆದಿದ್ದೀಯ. ಗಾಬರಿ ಬೇಡ. ಎಲೆಗಳನ್ನು ನೋಡು, ಹಸಿರಾಗಿ ಗಟ್ಟಿಮುಟ್ಟಾಗಿವೆ. ಅದಕ್ಕೆ ಬೆಳಕು ಒಂದೇ ಕಡೆಯಿಂದ ಬರುತ್ತಿದೆ, ಅಷ್ಟೇ.

ಅದು ಹೇಗೆ ಬಾಗುತ್ತದೆ ಅಂತ ತಿಳಿದರೆ ನಿನಗೆ ಆ ಸಸಿಯ ಮೇಲೆ ಇನ್ನೂ ಅಕ್ಕರೆ ಬರುತ್ತದೆ. ಬೆಳಕು ಗಿಡವನ್ನು ತನ್ನ ಕಡೆಗೆ ಎಳೆಯುತ್ತದೆ ಅಂತ ನಾನೂ ತುಂಬಾ ವರ್ಷ ಅಂದುಕೊಂಡಿದ್ದೆ. ಹಾಗಲ್ಲ. ಕಾಂಡದ ತುದಿಯಲ್ಲಿ ಆಕ್ಸಿನ್ ಅನ್ನುವ ಹಾರ್ಮೋನ್ ಇರುತ್ತದೆ. ಅದು ಬೆಳಕು ಬೀಳದ ಬದಿಗೆ ಸರಿಯುತ್ತದೆ. ಆ ಬದಿಯ ಜೀವಕೋಶಗಳು ಜಾಸ್ತಿ ಉದ್ದ ಬೆಳೆಯುತ್ತವೆ. ಒಂದು ಬದಿ ಉದ್ದ, ಇನ್ನೊಂದು ಬದಿ ಗಿಡ್ಡ ಆದರೆ ಕಾಂಡ ಬಾಗಲೇಬೇಕು ಅಲ್ವಾ? ಬೆಳಕಿನ ಕಡೆಗೆ ತಿರುಗಿಸುವುದು ನೆರಳಿನ ಬದಿ!

ಇದರ ಮೊದಲ ಸುಳಿವು ಹಿಡಿದವರು ಒಬ್ಬ ಅಪ್ಪ, ಒಬ್ಬ ಮಗ. ಚಾರ್ಲ್ಸ್ ಡಾರ್ವಿನ್ ಮತ್ತು ಫ್ರಾನ್ಸಿಸ್. ಹುಲ್ಲಿನ ಮೊಳಕೆಯ ತುದಿಗೆ ಬೆಳಕು ಹೋಗದ ಹಾಗೆ ಪುಟ್ಟ ಟೋಪಿ ಹಾಕಿದರು. ಮೊಳಕೆ ಬಾಗಲಿಲ್ಲ, ನೆಟ್ಟಗೆ ನಿಂತಿತು. ತುದಿಯನ್ನು ಬಿಟ್ಟು ಕೆಳಗಿನ ಭಾಗ ಮುಚ್ಚಿದರು. ಬಾಗಿತು. ಬೆಳಕನ್ನು ಗುರುತಿಸುವುದು ತುದಿ, ಬಾಗುವುದು ಅದರ ಕೆಳಗೆ. 1880ರಲ್ಲಿ ಅವರು ಇದನ್ನು ಪ್ರಕಟಿಸಿದರು. ಅಪ್ಪ ಮಗ ಇಬ್ಬರೂ ಒಂದು ಮೊಳಕೆಯ ಮುಂದೆ ಕೂತಿದ್ದನ್ನು ನೆನೆಸಿಕೊಂಡಾಗೆಲ್ಲ ನನಗೆ ನಿನ್ನ ನೆನಪು ಬರುತ್ತದೆ.

ಯಾಕೆ ಅಂದರೆ ನಾವಿಬ್ಬರೂ ಒಮ್ಮೆ ಹಾಗೇ ಕೂತಿದ್ದೆವು. ನಿನಗೆ ಆಗ ಐದು ವರ್ಷ. ದಾರಿ ಬದಿಯಲ್ಲಿ ಮುಟ್ಟಿದರೆ ಮುನಿ ಗಿಡ ಕಂಡಿತು. ನೀನು ಬೆರಳ ತುದಿಯಿಂದ ಮುಟ್ಟಿದೆ. ಪುಟ್ಟ ಎಲೆಗಳು ಜೋಡಿ ಜೋಡಿಯಾಗಿ ಮಡಚಿಕೊಳ್ಳುತ್ತಾ ಹೋದವು, ಕೊನೆಗೆ ತೊಟ್ಟೇ ತಲೆ ತಗ್ಗಿಸಿಬಿಟ್ಟಿತು. ತೊಟ್ಟಿನ ಬುಡದಲ್ಲಿ ಸಣ್ಣ ಗಂಟಿನಂಥ ಉಬ್ಬು ಇತ್ತು, ನೆನಪಿದೆಯಾ? ಅಲ್ಲಿನ ಜೀವಕೋಶಗಳಿಂದ ನೀರು ಸರ್ರನೆ ಹೊರಗೆ ಹೋಗುತ್ತದೆ, ಗಾಳಿ ಬಿಟ್ಟ ಬಲೂನಿನ ಹಾಗೆ ಅವು ಸೊರಗುತ್ತವೆ, ತೊಟ್ಟು ಇಳಿಯುತ್ತದೆ. ಎಲೆ ಮತ್ತೆ ಬಿಚ್ಚುವವರೆಗೆ ಕಾದು ನೀನು ಮತ್ತೆ ಮುಟ್ಟಿದೆ. ಮತ್ತೆ, ಮತ್ತೆ. ಆಮೇಲೆ ಅದು ಸರಿಯಾಗಿ ಮಡಚಲೇ ಇಲ್ಲ. "ಅದಕ್ಕೆ ಬೇಜಾರಾಯ್ತಾ ಅಮ್ಮಾ?" ಅಂದೆ. "ಸುಸ್ತಾಗಿದೆ ಕಣೇ, ಬಿಡು" ಅಂದುಬಿಟ್ಟೆ.

ಆ ಉತ್ತರ ನನ್ನನ್ನು ಈಗಲೂ ಕಾಡುತ್ತದೆ. ನಿನ್ನ ಪ್ರಶ್ನೆಯೇ ಒಳ್ಳೆಯದಿತ್ತು. 2014ರಲ್ಲಿ ಮೋನಿಕಾ ಗ್ಯಾಗ್ಲಿಯಾನೋ ಅನ್ನುವ ವಿಜ್ಞಾನಿ ಮತ್ತು ಅವರ ಜೊತೆಗಾರರು ಹೆಚ್ಚು ಕಡಿಮೆ ಅದನ್ನೇ ಕೇಳಿದ ಪ್ರಯೋಗ ಪ್ರಕಟವಾಯಿತು. ಇದೇ ಗಿಡದ ಕುಂಡಗಳನ್ನು 15 ಸೆಂಟಿಮೀಟರ್ ಎತ್ತರದಿಂದ ಮೆತ್ತನೆಯ ಜಾಗಕ್ಕೆ ಬೀಳಿಸಿದರು. ಮೊದಲು ಎಲೆಗಳು ಮುಚ್ಚಿದವು. ಬೀಳಿಸುತ್ತಾ ಹೋದ ಹಾಗೆ, ಏನೂ ಪೆಟ್ಟಾಗುತ್ತಿಲ್ಲವಲ್ಲ, ಮುಚ್ಚುವುದನ್ನು ನಿಲ್ಲಿಸಿದವು. ಸುಸ್ತಾಗಿವೆಯಾ ಅಂತ ನೋಡಲು ಅದೇ ಗಿಡಗಳನ್ನು ಬೇರೆ ತರಹ ಅಲುಗಾಡಿಸಿದರು. ತಕ್ಷಣ ಮುಚ್ಚಿಕೊಂಡವು! ಸುಮಾರು ಒಂದು ತಿಂಗಳು ಬಿಟ್ಟು ಬೀಳಿಸಿದಾಗಲೂ ಅವು ಎಲೆ ತೆರೆದೇ ಇಟ್ಟವು. ಮಿದುಳಿಲ್ಲ, ನರಗಳಿಲ್ಲ. ಇದನ್ನು ನೆನಪು ಅನ್ನಬಹುದಾ ಅಂತ ವಿಜ್ಞಾನಿಗಳು ವಾದ ಮಾಡುತ್ತಾರೆ. ಮಾಡಲಿ. ಅವತ್ತು ನೀನು ಮುಟ್ಟಿದ ಗಿಡ ನಿಜವಾಗಿ ದಣಿದಿತ್ತೋ ಏನೋ. ಆದರೆ ಇನ್ನೊಂದು ಸಲ ನೋಡೋಣ ಬಾ ಅನ್ನದೆ ನಿನ್ನನ್ನು ಎಬ್ಬಿಸಿಕೊಂಡು ಹೊರಟೆನಲ್ಲ, ಅದು ನನ್ನ ತಪ್ಪು.

ಪ್ರಾಣಿಗಳೂ ಹೀಗೇ ಯಾವುದೋ ಒಂದು ಸುಳಿವು ನಂಬಿ ಬದುಕುತ್ತವೆ. ಉತ್ತರ ಅಮೆರಿಕದಲ್ಲಿ ಸ್ನೋಶೂ ಮೊಲ ಅಂತ ಇದೆ. ಬೇಸಿಗೆಯಲ್ಲಿ ಕಂದು, ಚಳಿಗಾಲದಲ್ಲಿ ಬಿಳಿ. ಹಿಮ ಬಿದ್ದಿದ್ದನ್ನು ಕಂಡು ಅದು ಬಣ್ಣ ಬದಲಿಸುತ್ತದೆ ಅಂದುಕೊಂಡಿದ್ದೆ. ಇಲ್ಲ, ಅದು ನಂಬುವುದು ಹಗಲಿನ ಉದ್ದವನ್ನು. ಹಗಲು ಕಿರಿದಾಗುತ್ತಾ ಬಂದರೆ ತುಪ್ಪಳ ಬೆಳ್ಳಗಾಗಲು ಶುರುವಾಗುತ್ತದೆ. ಸಾವಿರಾರು ವರ್ಷ ಆ ಲೆಕ್ಕ ಸರಿಯಾಗಿತ್ತು. ಈಗ ಭೂಮಿ ಬಿಸಿಯಾಗಿ ಹಿಮ ತಡವಾಗಿ ಬೀಳುತ್ತದೆ, ಬೇಗ ಕರಗುತ್ತದೆ. ಹಗಲು ಮಾತ್ರ ಹಳೆಯ ಲೆಕ್ಕದಲ್ಲೇ ಇದೆ. ಕಂದು ನೆಲದ ಮೇಲೆ ಬಿಳಿ ಮೊಲ, ತಾನು ಯಾರಿಗೂ ಕಾಣಿಸುತ್ತಿಲ್ಲ ಅನ್ನುವ ಹಾಗೆ ಅಲುಗಾಡದೆ ಕೂತಿರುತ್ತದೆ. ಬೇಟೆಯ ಪ್ರಾಣಿಗಳಿಗೆ ಅದು ದೂರದಿಂದಲೇ ಕಾಣುತ್ತದೆ. ಅಂಥ ಒಂದು ಮೊಲದ ಚಿತ್ರ ನೋಡಿದ ದಿನ ನನಗೆ ಬೇರೆ ಕೆಲಸ ಮಾಡಲಾಗಲಿಲ್ಲ. ಹಿಮ ಕಡಿಮೆ ಬೀಳುವ ಕರಾವಳಿ ಕಡೆ ಚಳಿಗಾಲದಲ್ಲೂ ಕಂದಾಗಿಯೇ ಇರುವ ಸ್ನೋಶೂ ಮೊಲಗಳೂ ಇವೆಯಂತೆ. ಅದನ್ನು ಓದಿದ ಮೇಲೆ ಸ್ವಲ್ಪ ಸಮಾಧಾನವಾಯಿತು.

ಕಡಲಾಮೆಯದು ಇನ್ನೂ ಕಷ್ಟ. ಮೊಟ್ಟೆಯೊಳಗಿನ ಮರಿ ಗಂಡೋ ಹೆಣ್ಣೋ ಅನ್ನುವುದನ್ನು ಮರಳಿನ ಬಿಸಿ ತೀರ್ಮಾನಿಸುತ್ತದೆ. ಸುಮಾರು 29 ಡಿಗ್ರಿಗಿಂತ ಬಿಸಿ ಹೆಚ್ಚಾದಷ್ಟೂ ಹೆಣ್ಣು ಜಾಸ್ತಿ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಅನ್ನುವ ದೊಡ್ಡ ಹವಳದ ದಿಬ್ಬಗಳ ಉತ್ತರ ಭಾಗದಿಂದ ಬಂದ, ಹಸಿರು ಆಮೆ ಅನ್ನುವ ಜಾತಿಯ ಎಳೆಯ ಕಡಲಾಮೆಗಳಲ್ಲಿ 99% ಹೆಣ್ಣೇ ಅಂತ 2018ರಲ್ಲಿ ವರದಿಯಾಯಿತು.

ಈಗ ನಿನ್ನ ಸಸಿಗೆ ಬರೋಣ. ಅದನ್ನು ಕೋಲು ಕಟ್ಟಿ ನೆಟ್ಟಗೆ ಮಾಡಲು ಹೋಗಬೇಡ. ಕುಂಡಕ್ಕೆ ಪೆನ್ನಿನಲ್ಲಿ ಒಂದು ಗುರುತು ಹಾಕು. ಬೆಳಗ್ಗೆ ಎದ್ದ ತಕ್ಷಣ, ಬಾಗಿದ ತಲೆ ಕೋಣೆಯ ಒಳಗೆ ಬರುವ ಹಾಗೆ ತಿರುಗಿಸು. ಗಂಟೆಗೊಮ್ಮೆ ಫೋಟೋ ತೆಗಿ, ಜಾಗ ಬದಲಿಸದೆ. ಕಾಂಡದ ಯಾವ ಭಾಗ ಮೊದಲು ಅಲುಗುತ್ತದೆ ಅಂತ ಗಮನಿಸು. ಕತ್ತಲಾದ ಮೇಲೆ ಒಂದು ಸಲ ಎಲೆಗಳನ್ನೂ ನೋಡು, ಬೀನ್ಸ್ ಗಿಡ ರಾತ್ರಿ ಎಲೆಗಳನ್ನು ಕೆಳಗೆ ಇಳಿಬಿಡುತ್ತದೆ. ಬಾಡಿತು ಅಂತ ಆಗ ಮತ್ತೆ ಗಾಬರಿಯಾಗಿ ನೀರು ಸುರಿಯಬೇಡ.

ಎಲ್ಲ ಫೋಟೋ ನನಗೆ ಕಳಿಸು. ಈ ಸಲ ನಾನು ಎದ್ದು ಹೋಗುವುದಿಲ್ಲ.

ಮುತ್ತುಗಳೊಂದಿಗೆ,
ಅಮ್ಮ