ನನ್ನ ಕನ್ನಡ ಸಹಿಯನ್ನು ಒಪ್ಪಿಕೊಂಡವರಿಗೆ

2024ರ ಅಕ್ಟೋಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸಿಟಿ ಹಾಲ್‌ಗೆ ಹೋಗಿ ಓಟು ಕೊಟ್ಟು ಬಂದೆ. ಈ ದೇಶದಲ್ಲಿ ನನ್ನ ಮೊದಲ ಓಟು. ಚುನಾವಣೆ ಇದ್ದದ್ದು ನವೆಂಬರ್ 5ಕ್ಕೆ. ಆದರೆ ಸಿಟಿ ಹಾಲ್‌ನಲ್ಲಿ 29 ದಿನ ಮೊದಲೇ ಮತಗಟ್ಟೆ ತೆರೆದಿರುತ್ತದೆ. ಮಾರ್ಚ್‌ನಲ್ಲಿ ಮಂಡಿ ಆಪರೇಷನ್ ಮಾಡಿಸಿಕೊಂಡವಳು ನಾನು. ಕ್ಯೂ ನಿಲ್ಲೋದು ಆಗದ ಮಾತು.

ಮೊದಲು ಕೆಳಗಿನ ಮನೆಯ ಅಜ್ಜಿಗೆ ಥ್ಯಾಂಕ್ಸ್ ಹೇಳಬೇಕು. ಪೌರತ್ವ ಪರೀಕ್ಷೆಯ 100 ಪ್ರಶ್ನೆಗಳನ್ನು ಬಾಯಿಪಾಠ ಮಾಡಿಸಿದವರು ಅವರೇ. ಆಗ ಅಲ್ಲಿ ಕೇಳುತ್ತಿದ್ದದ್ದು ಹತ್ತು, ಆರು ಸರಿ ಬಂದರೆ ಪಾಸು. ‘ಪ್ರಜೆಗಳಿಗೆ ಮಾತ್ರ ಇರುವ ಒಂದು ಜವಾಬ್ದಾರಿ ಹೇಳಿ’ ಅಂದಾಗ ‘ಓಟು’ ಅಂದೆ. ಭಾರತದ ಪಾಸ್‌ಪೋರ್ಟ್ ಒಪ್ಪಿಸಿದ ದಿನ ಮಾತ್ರ ಊಟ ಸೇರಲಿಲ್ಲ. ಮೈಸೂರಿನಲ್ಲಿ ಇನ್ನು ನನಗೆ ಓಟಿಲ್ಲ, ಅಲ್ವಾ?

ಮೊಮ್ಮಗಳಿಗೆ ಎಷ್ಟು ಹೇಳಿದರೂ ಸಾಲದು. ಬ್ಯಾಲೆಟ್ ಟಪಾಲಿನಲ್ಲಿ ಮನೆಗೇ ಬಂತು. ಅಬ್ಬಾ, ಪರೀಕ್ಷೆಯ ಪ್ರಶ್ನೆಪತ್ರಿಕೆ ಅದಕ್ಕಿಂತ ಚಿಕ್ಕದು! ಹೌದು, ಬೇಡ ಅಂತ ನಾವೇ ಓಟು ಹಾಕಬೇಕಾದ ಪ್ರಸ್ತಾವಗಳು ರಾಜ್ಯದ್ದು 10, ಊರಿನದು ಇನ್ನೂ 15. ಮೇಯರ್ ಹುದ್ದೆಗೆ 13 ಮಂದಿ. ಅವರಲ್ಲಿ ಯಾರು ಮೊದಲು, ಯಾರು ಎರಡನೆಯವರು ಅಂತ ಕ್ರಮವಾಗಿ ಗುರುತು ಹಾಕಬೇಕು. ನಮ್ಮಲ್ಲಿ ಒಂದು ಬಟನ್ ಒತ್ತಿ ‘ಕೀಂ’ ಅಂದರೆ ಮುಗಿಯಿತು. ಇಲ್ಲಿ ಮೂರು ಸಂಜೆ ಬೇಕಾಯಿತು. ಅವಳು ಅರ್ಥ ಹೇಳಿದಳು, ಯಾರಿಗೆ ಹಾಕು ಅಂತ ಒಂದು ಸಲವೂ ಹೇಳಲಿಲ್ಲ. ಹದಿನಾರು ವರ್ಷದ ಹುಡುಗಿ!

49ನೇ ನಂಬರ್ ಬಸ್ಸಿನ ಡ್ರೈವರಮ್ಮ ನನ್ನ ಕೋಲು ಕಂಡವರೇ ಬಸ್ಸಿನ ಬಾಗಿಲ ಪಕ್ಕವನ್ನು ಫುಟ್‌ಪಾತಿನ ಮಟ್ಟಕ್ಕೆ ಇಳಿಸಿದರು. ನಾನು ಕೂತ ಮೇಲೇ ಹೊರಟರು.

ಸಿಟಿ ಹಾಲ್ 1915ರಲ್ಲಿ ತೆರೆದ ಕಟ್ಟಡ. ಅದರ ಗುಮ್ಮಟ ವಾಷಿಂಗ್ಟನ್ನಿನ ಸಂಸತ್ತಿನದಕ್ಕಿಂತ ಎತ್ತರವಂತೆ. ಒಳಗೆ ಹೋದರೆ ಥೇಟ್ ಮದುವೆ ಛತ್ರ! ರಿಜಿಸ್ಟರ್ ಮದುವೆಯಾದ ಜೋಡಿಗಳು ಅಮೃತಶಿಲೆಯ ಮೆಟ್ಟಿಲ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾನೂ ರೇಷ್ಮೆ ಸೀರೆ ಉಟ್ಟಿದ್ದೆ. ಯಾರದೋ ಮದುವೆಗೆ ಬಂದವಳು ಅಂದುಕೊಂಡರೋ ಏನೋ, ಒಬ್ಬಳು ವಧು ಕೈ ಬೀಸಿದಳು. ನಾನೂ ಬೀಸಿದೆ.

ಬ್ಯಾಲೆಟ್ ಇಟ್ಟ ಲಕೋಟೆಯ ಮೇಲೆ ಸಹಿ ಹಾಕಬೇಕು. ಅದು ಚುನಾವಣಾ ಕಚೇರಿಯವರ ಹತ್ತಿರ ಇರುವ ನಮ್ಮ ಸಹಿಗೆ ಹೊಂದಬೇಕು. ನನ್ನದು ಮೊದಲಿಂದಲೂ ಕನ್ನಡ ಸಹಿ. ಆವತ್ತು ಕೈ ನಡುಗಿ ‘ಕ್ಷ್ಮಿ’ಯ ಒತ್ತು ಕೆಳಗೆ ಜಾರಿತು. ಅಲ್ಲಿದ್ದ ಹುಡುಗ ಕುರ್ಚಿ ಎಳೆದು ಕೊಟ್ಟು, ‘ನಿಧಾನವಾಗಿ ಮಾಡಿ, ಅವಸರ ಇಲ್ಲ’ ಅಂದ. ಲಕೋಟೆ ಹಾಕಿದ ಮೇಲೆ ಸ್ಟಿಕ್ಕರ್ ಕೊಟ್ಟ. ಅದರಲ್ಲಿ ಇಂಗ್ಲಿಷ್, ಚೈನೀಸ್, ಸ್ಪ್ಯಾನಿಷ್, ಫಿಲಿಪಿನೋ ಎಲ್ಲಾ ಇತ್ತು. ಅದನ್ನು ಸೆರಗಿಗೆ ಅಂಟಿಸಿ ಫೋಟೋ ಕಳಿಸಿದರೆ ಮೈಸೂರಿನಿಂದ ಅಣ್ಣ ಬರೆದ: ‘ಇಂಕು ಎಲ್ಲೇ?’ ಆ ಇಂಕು ತಯಾರಾಗೋದೇ ನಮ್ಮೂರಲ್ಲಿ, ಅವನಿಗೆ ಆ ಜಂಬ. ನಾನೂ ಸುಮ್ನೆ ಎಡಗೈ ಬೆರಳು ನೋಡಿಕೊಂಡೆ.

ಆಮೇಲೆ ಕೆಲವು ದಿನ ಆ ಜಾರಿದ ಒತ್ತಿನದೇ ಚಿಂತೆ. ಒಂದು ಮಧ್ಯಾಹ್ನ ಹುಳಿಗೆ ಒಗ್ಗರಣೆ ಹಾಕುತ್ತಿದ್ದಾಗ ಫೋನಿಗೆ ಮೆಸೇಜು ಬಂತು, ನಿಮ್ಮ ಬ್ಯಾಲೆಟ್ ಸ್ವೀಕಾರವಾಗಿದೆ ಅಂತ. ಕನ್ನಡ ಬಾರದ ಯಾರೋ ಒಬ್ಬರು ಕೂತು ನನ್ನ ‘ಕ್ಷ್ಮಿ’ಯನ್ನು ಹಳೆಯ ‘ಕ್ಷ್ಮಿ’ಯ ಜೊತೆ ಇಟ್ಟು ನೋಡಿ, ಇದು ಇವರದೇ ಅಂದಿರಬೇಕು. ನೀವು ಯಾರೋ ನನಗೆ ಗೊತ್ತಿಲ್ಲ. ನಿಮಗೂ ಥ್ಯಾಂಕ್ಸ್.